ಸಂಶಯೋನ್ಮಾದವೆಂಬ ನಿದಾನ: ಹಾಫ್‌ಸ್ಟಾಟರರ ಪ್ರಬಂಧವನ್ನು ಕುರಿತು

ಅಮೆರಿಕಾ ಸಂಯುಕ್ತ ಸಂಸ್ಥಾನದ ಉಗ್ರ ಬಲಪಂಥವನ್ನು ಕುರಿತು ಬರೆಯುವವರು ಇಂದಿಗೂ ಮೊದಲು ಸ್ಮರಿಸುವುದು ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟಾಟರರನ್ನು. 1964ರ ನವೆಂಬರಿನಲ್ಲಿ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಈ ಪಂಥದ ರಾಜಕೀಯ ರೀತಿಗೆ ಕೊಟ್ಟ ಹೆಸರನ್ನು ‘ಸಂಶಯೋನ್ಮಾದ ಶೈಲಿ’ ಎಂದು ಕನ್ನಡಿಸಬಹುದು. ಆ ಪದವನ್ನು ವೈದ್ಯಶಾಸ್ತ್ರದ ಅರ್ಥದಲ್ಲಿ ಬಳಸಿಲ್ಲವೆಂದು ಲೇಖಕರೇ ಹೇಳಿದ್ದಾರೆ, ದಿಟ. ಆದರೆ ಉನ್ಮಾದವೆಂದೊಡನೆ ಓದುಗನ ಮನಸ್ಸು ರೋಗಿಯತ್ತ ಹೊರಳುತ್ತದೆ. ರಾಜಕೀಯ ಹಿಂದೆ ಸರಿಯುತ್ತದೆ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ.

ವರ್ಣನೆಯ ಮಟ್ಟಿಗೆ ಪ್ರಬಂಧವು ಶ್ಲಾಘ್ಯವಾದುದು. ಮಿಠಾಯಿ ಉದ್ಯಮಿಯಾಗಿದ್ದ ರಾಬರ್ಟ್ ವೆಲ್ಚ್ 1958ರಲ್ಲಿ ಇಂಡಿಯಾನಪೊಲಿಸ್ ನಗರದಲ್ಲಿ ಜಾನ್ ಬರ್ಚ್ ಸೊಸೈಟಿಯನ್ನು ಸ್ಥಾಪಿಸಿದನು. ಮಹಾಯುದ್ಧದ ಸೇನಾನಿಯಾಗಿದ್ದ ಅಧ್ಯಕ್ಷ ಐಸೆನ್‌ಹೋವರರೇ ಕಮ್ಯೂನಿಸ್ಟ್ ಪಿತೂರಿಯಲ್ಲಿ ತಿಳಿದೂ ತಿಳಿದೂ ಪಾಲ್ಗೊಂಡವರೆಂದು ಆತನು ಬರೆದದ್ದನ್ನು ಬಲ್ಲವರಿಗೆ ಹಾಫ್‌ಸ್ಟಾಟರರ ಮಾತು ಅತಿಶಯೋಕ್ತಿಯೆನಿಸದು.

ಆದರೆ ಕಾರಣವಿವೇಚನೆಯ ಗತಿಯೇನು? ಸಮಾಜದಲ್ಲಿ ತಮ್ಮ ಸ್ಥಾನಮಾನ ಜಾರುತ್ತಿದೆಯೆಂಬ ಕಳವಳವೇ ಈ ಪಂಥದ ಬೇರೆಂದು ಹಾಫ್‌ಸ್ಟಾಟರರು ಡೇನಿಯಲ್ ಬೆಲ್ ಸಂಪಾದಿಸಿದ 1955ರ ಲೇಖನಸಂಗ್ರಹದಲ್ಲಿ ವಾದಿಸಿದ್ದರು. ಸೆನೆಟರ್ ಮೆಕಾರ್ಥಿಯ ಬೆನ್ನಿಗಿದ್ದದ್ದು ಹಳೆಯ ಪಾಪ್ಯುಲಿಸ್ಟ್ ರೈತಚಳವಳಿಯ ಪಳೆಯುಳಿಕೆಯೆಂಬ ಭಾವನೆಯೂ ಆ ಬಳಗದಲ್ಲಿ ಬಲವಾಗಿತ್ತು. 1967ರಲ್ಲಿ ಮೈಕೇಲ್ ರೋಗಿನ್ ವಿಸ್ಕಾನ್ಸಿನ್ ಹಾಗೂ ಡಕೋಟಾ ರಾಜ್ಯಗಳ ಮತದಾನವನ್ನು ಕೌಂಟಿವಾರು ಪರಿಶೀಲಿಸಿ, ಮೆಕಾರ್ಥಿಯ ಬಲವು ಬಹುಮಟ್ಟಿಗೆ ರೂಢಿಯ ರಿಪಬ್ಲಿಕನ್ ಸಂಪ್ರದಾಯಸ್ಥರದೆಂದು ತೋರಿಸಿದರು. ಊಹೆಗಿಂತ ಇಂಥ ಲೆಕ್ಕದ ಕೆಲಸ ನೀರಸ. ಆದರೂ ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದುದು ಇದನ್ನೇ. 2001ರಲ್ಲಿ ಲೀಸಾ ಮೆಗರ್ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯನ್ನು ಕುರಿತು ಬರೆದ ಗ್ರಂಥದಲ್ಲಿ ಕಾಣುವವರೂ ಸ್ಥಾನಭ್ರಷ್ಟರಲ್ಲ. ರಕ್ಷಣಾ ಉದ್ಯಮದಿಂದ ಏಳಿಗೆ ಹೊಂದಿದ ಹೊಸ ಬಡಾವಣೆಗಳ ವಿದ್ಯಾವಂತರು, ಗೃಹಿಣಿಯರು, ನೆರೆಹೊರೆಯವರನ್ನು ಮನೆಗೆ ಕರೆದು ತಾಳ್ಮೆಯಿಂದ ಸಂಘಟನೆ ಕಟ್ಟಿದವರು.

ಹಾಫ್‌ಸ್ಟಾಟರರ ಪ್ರಬಂಧದಲ್ಲಿ ವರ್ಣಪ್ರಶ್ನೆಗೆ ದೊರೆತ ಎಡೆ ತೀರ ಕಿರಿದು. ಬರ್ಚ್ ಸೊಸೈಟಿಯಾದರೋ, ಶಾಲೆಗಳಲ್ಲಿ ವರ್ಣಭೇದವನ್ನು ಅಸಿಂಧುಗೊಳಿಸಿದ 1954ರ ತೀರ್ಪನ್ನಿತ್ತ ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ನರನ್ನು ಪದಚ್ಯುತಗೊಳಿಸಬೇಕೆಂದು ರಸ್ತೆಬದಿಯಲ್ಲಿ ಫಲಕಗಳನ್ನು ನಿಲ್ಲಿಸಿತ್ತು. ಪ್ರಬಂಧ ಅಚ್ಚಾದ ತಿಂಗಳಲ್ಲೇ ಅಧ್ಯಕ್ಷ ಚುನಾವಣೆ ನಡೆಯಿತು. ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ ಮತವಿತ್ತಿದ್ದ ಬ್ಯಾರಿ ಗೋಲ್ಡ್‌ವಾಟರ್ ತನ್ನ ಅರಿಜೋನಾವನ್ನು ಬಿಟ್ಟರೆ ಗೆದ್ದದ್ದು ದಕ್ಷಿಣದ 5 ರಾಜ್ಯಗಳನ್ನು ಮಾತ್ರ. ಮಿಸಿಸಿಪ್ಪಿಯಲ್ಲಿ ಆತನಿಗೆ ಶೇಕಡಾ 87ರಷ್ಟು ಮತಗಳು ಬಿದ್ದವು. ಕಪ್ಪುವರ್ಣೀಯರಲ್ಲಿ ಬಹುತೇಕರಿಗೆ ಅಲ್ಲಿ ಮತಪಟ್ಟಿಯ ಬಾಗಿಲೇ ಮುಚ್ಚಿತ್ತು. ಆ ಬಾಗಿಲನ್ನು ಮುಚ್ಚಿಯೇ ಇಡಲು ಬಯಸಿದ ಬಿಳಿಯ ಮತದಾರರಲ್ಲಿ ನಮಗೆ ಉನ್ಮಾದಕ್ಕಿಂತ ಲೆಕ್ಕಾಚಾರವೇ ಹೆಚ್ಚಾಗಿ ಕಾಣುತ್ತದೆ.