ಬಿಸಿ ಮಾಡುವ ಯಂತ್ರ, ತಣಿಸಬೇಕಾದ ನೀರು

ಮನೆಯಲ್ಲೇ ಫಿಲ್ಮ್ ತೊಳೆಯಲು ಹೊರಟವರ ಕಣ್ಣು ಮೊದಲು ಬೀಳುವುದು ಜರ್ಮನಿಯ ಜೋಬೊ ಯಂತ್ರದ ಮೇಲೆ. ಹದವಾದ ಬಿಸಿನೀರಿನ ತೊಟ್ಟಿಯಲ್ಲಿ ಫಿಲ್ಮ್ ಇರುವ ಟ್ಯಾಂಕು ಒಂದೇ ಸಮನೆ ಉರುಳುತ್ತದೆ, ಚಿತ್ರ ಮೂಡಿಸುವ ದ್ರಾವಣ (ಡೆವಲಪರ್) ಕಡಿಮೆ ಸಾಕು, ಕೈಗೂ ಬಿಡುವು. ಒಳ್ಳೆಯ ಯಂತ್ರ, ಅನುಮಾನವಿಲ್ಲ. ಆದರೆ ಅದು ನಲ್ಲಿ ತಿರುಗಿಸಿದರೆ ಕೊರೆಯುವ ನೀರು ಬರುವ ದೇಶದಲ್ಲಿ ಹುಟ್ಟಿದ್ದು.

ಕಪ್ಪು-ಬಿಳುಪು ಫಿಲ್ಮ್ ತೊಳೆಯುವ ಅವಧಿಯ ಕೋಷ್ಟಕಗಳು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಹಿಡಿದು ಲೆಕ್ಕ ಹಾಕುತ್ತವೆ. ಏಪ್ರಿಲ್‌ನಲ್ಲಿ ಮಂಗಳೂರಿನ ತಾರಸಿ ಟ್ಯಾಂಕಿನಿಂದ ಇಳಿಯುವ ನೀರಿಗೆ 30 ಡಿಗ್ರಿ ಹೆಚ್ಚೇನಲ್ಲ. ಅಲ್ಲಿ ಹೀಟರಿಗೆ ಏನು ಕೆಲಸ? ಜೋಬೊದ ದೊಡ್ಡ ಮಾದರಿಗೆ ತಣ್ಣೀರಿನ ಕೊಳವೆ ಜೋಡಿಸಬಹುದು, ನಿಜ. ಆ 'ತಣ್ಣೀರು' ಬರುವುದೂ ಅದೇ ಟ್ಯಾಂಕಿನಿಂದ! ಬಕೆಟ್ಟು, ಫ್ರೀಜರಿನಲ್ಲಿ ಗಟ್ಟಿಯಾದ ಎರಡು ನೀರಿನ ಬಾಟಲಿ, ನಂಬಬಹುದಾದ ಥರ್ಮಾಮೀಟರ್ ಇದ್ದರೆ ಕೆಲಸ ನಡೆಯುತ್ತದೆ. 20ಕ್ಕೇ ಇಳಿಸಬೇಕೆಂಬ ಹಟವೂ ಬೇಡ. ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿಗೆ, ಐಡಿ-11 ಡೆವಲಪರನ್ನು ಸಮಪಾಲು ನೀರು ಬೆರೆಸಿ ಬಳಸಿದರೆ, 20 ಡಿಗ್ರಿಯಲ್ಲಿ 13 ನಿಮಿಷ ಬೇಕು. 24ರಲ್ಲಿ ಸುಮಾರು 9. ನೀರು ಬೆರೆಸದೆ ಬಳಸಿದರೆ ಬೇಸಗೆಯ ಶಾಖಕ್ಕೆ ಅವಧಿ 5 ನಿಮಿಷಕ್ಕಿಂತ ಕೆಳಗೆ ಜಾರುತ್ತದೆ. ಅಷ್ಟು ಅವಸರದಲ್ಲಿ ನೆಗೆಟಿವ್ ಎಲ್ಲೆಡೆ ಸಮನಾಗಿ ಮೂಡುವುದು ಕಷ್ಟ.

ಕಲರ್ ಫಿಲ್ಮಿಗೆ ಮಾತ್ರ ಹೀಟರ್ ಬೇಕೇ ಬೇಕು. ಕಲರ್ ನೆಗೆಟಿವ್ ತೊಳೆಯುವ ಸಿ-41 ವಿಧಾನದಲ್ಲಿ ಡೆವಲಪರಿಗೆ 37.8 ಡಿಗ್ರಿ, 3 ನಿಮಿಷ 15 ಸೆಕೆಂಡು. ಕೊಡಕ್ ಒಪ್ಪುವ ಹೆಚ್ಚುಕಡಿಮೆ ಬರೀ 0.15 ಡಿಗ್ರಿ. ಇಲ್ಲಿ ನನ್ನ ಓಟು ಅಡುಗೆಯವರ ಸೂ ವೀಡ್ ಕೋಲಿಗೆ. ಬಾಟಲಿಗಳನ್ನು ಇಟ್ಟ ಟಬ್ಬಿನ ನೀರನ್ನು ಕಾಯಿಸುತ್ತಲೇ ತಿರುಗಿಸುವ ಈ ಸಾಧನ ಕೆಲವು ಸಾವಿರಕ್ಕೆ ಸಿಗುತ್ತದೆ. (ಒಮ್ಮೆ ಈ ಕೆಲಸಕ್ಕೆ ಇಳಿಸಿದ ಮೇಲೆ ಅದನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ.) ಅಮೆರಿಕದಿಂದ ತರಿಸುವವರು ವೋಲ್ಟೇಜ್ ನೋಡಿಕೊಳ್ಳಬೇಕು. ಕೋಲಿನ ಪರದೆ ತೋರಿಸುವುದು ಟಬ್ಬಿನ ನೀರಿನ ಶಾಖವನ್ನು, ಬಾಟಲಿಯೊಳಗಿನ ಡೆವಲಪರಿನದನ್ನಲ್ಲ. ಎರಡೂ ಒಂದಾಗಲು ಸಾಕಷ್ಟು ಹೊತ್ತು ಬೇಕು. ಖಾಲಿ ಟ್ಯಾಂಕನ್ನೂ ಅದೇ ನೀರಿನಲ್ಲಿ ಬೆಚ್ಚಗೆ ಮಾಡದಿದ್ದರೆ ಸುರಿದ ಕೂಡಲೇ ಡಿಗ್ರಿ ಇಳಿಯುತ್ತದೆ. ಟಬ್ಬು ದೊಡ್ಡದಿದ್ದಷ್ಟೂ ಒಳ್ಳೆಯದು. ನಡುವೆ ಕರೆಂಟು ಹೋದರೂ ಇಪ್ಪತ್ತು ಲೀಟರ್ ನೀರು ಆ ಮೂರು ನಿಮಿಷದಲ್ಲಿ ಹೆಚ್ಚು ಶಾಖ ಬಿಟ್ಟುಕೊಡುವುದಿಲ್ಲ.

ಇಷ್ಟಾದರೂ 0.15 ಡಿಗ್ರಿಯ ಕರಾರು ಕೋಲಿನಿಂದ ಪೂರ್ತಿ ಈಡೇರೀತೆಂದು ಹೇಳಲಾರೆ. ಸ್ಕ್ಯಾನ್ ಮಾಡುವವರು ಸಣ್ಣಪುಟ್ಟ ಬಣ್ಣದ ವಾಲಿಕೆಯನ್ನು ಕಂಪ್ಯೂಟರಿನಲ್ಲಿ ತಿದ್ದಿಕೊಳ್ಳುತ್ತಾರೆ. ಕಾಗದದ ಮೇಲೆ ಬಣ್ಣದ ಪ್ರಿಂಟ್ ಹಾಕುವವರಿಗೆ, ತಿಂಗಳಿಗೆ ಹತ್ತಾರು ರೋಲು ತೊಳೆಯುವವರಿಗೆ ಜೋಬೊ ದುಬಾರಿಯಾದರೂ ದಂಡವಲ್ಲ. ಉಳಿದವರು ಒಳ್ಳೆಯ ಥರ್ಮಾಮೀಟರ್ ಕೊಂಡು, ಮಿಕ್ಕ ಹಣಕ್ಕೆ ಫಿಲ್ಮ್ ತರಲಿ.