ಕಾವ್ಯದಲ್ಲಿ ದ್ವೀಪ: ಕಾವೇರಿಯ ನಡುಗಡ್ಡೆಗಳ ದೃಷ್ಟಿಯಿಂದ ಒಂದು ವಿಮರ್ಶೆ

ಮಹಾಕಾವ್ಯದ ಅಷ್ಟಾದಶವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದೆಂಬುದು ವಿದ್ವಜ್ಜನವಿದಿತವಾದುದು. ಕಡಲಿನಿಂದ ಬಹುದೂರದಲ್ಲಿ ಬಾಳಿದ ಮೈಸೂರು ಸೀಮೆಯ ಕವಿಗಳು ಬಹುಮಟ್ಟಿಗೆ ಗ್ರಂಥಗಳಲ್ಲಿ ಕಂಡ ಕಡಲನ್ನೇ ಬಣ್ಣಿಸಿದರೆಂಬ ಆಕ್ಷೇಪವುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದೇ ಆಕ್ಷೇಪವನ್ನು ದ್ವೀಪವರ್ಣನೆಗೂ ವಿಸ್ತರಿಸುವುದು ಯುಕ್ತವಲ್ಲ. ಆ ಕವಿಗಳು ಕಡಲನ್ನು ಕಾಣದೆ ಇದ್ದಿರಬಹುದು, ದ್ವೀಪವನ್ನು ಕಾಣದವರಲ್ಲ. ಗೋವಿಂದವೈದ್ಯನು ಕ್ರಿ.ಶ. ೧೬೪೮ರಲ್ಲಿ ರಚಿಸಿದ ‘ಕಂಠೀರವ ನರಸರಾಜ ವಿಜಯ’ವೆಂಬ ಸಾಂಗತ್ಯಕೃತಿಯನ್ನು ಪರಾಮರ್ಶಿಸುವಾಗ ಈ ಭೇದವನ್ನು ಮರೆತರೆ ಕವಿಗೆ ಅನ್ಯಾಯವಾಗುವುದು.

ಮೊದಲು ಶಬ್ದಾರ್ಥವನ್ನು ನೋಡತಕ್ಕದ್ದು. ‘ದ್ವಿ’ ಎಂಬುದರ ಮುಂದೆ ‘ಅಪ್’ ಶಬ್ದವು ಸೇರಿ, ಅದರ ಅಕಾರಕ್ಕೆ ಈಕಾರವು ಬಂದು, ‘ದ್ವೀಪ’ವೆಂದಾಗುವುದು. ಪಾಣಿನಿಯು ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಇದನ್ನು ವಿಧಿಸಿರುವನು; ಅಂತರೀಪ, ಸಮೀಪ ಎಂಬ ರೂಪಗಳೂ ಅಲ್ಲಿಯೇ ಸಿದ್ಧಿಸುವುವು. ಎರಡು ಪಕ್ಕಗಳಲ್ಲಿ ನೀರುಳ್ಳದ್ದು ದ್ವೀಪವೆಂಬುದು ಅವಯವಾರ್ಥ. ಎಲ್ಲ ಕಡೆಯೂ ಒಂದೇ ನೀರು ಬಳಸಿರುವ ಕಡಲ ನೆಲಕ್ಕಿಂತ, ಹೊಳೆಯು ಎರಡು ಕವಲಾಗಿ ಒಡೆದು ಮತ್ತೆ ಕೂಡುವಲ್ಲಿ ನಡುವೆ ಉಳಿದ ನೆಲಕ್ಕೆ ಈ ಅರ್ಥವು ಹೆಚ್ಚು ಒಪ್ಪುವುದು. ಅಮರಸಿಂಹನು ವಾರಿವರ್ಗದಲ್ಲಿ ನೀರಿನ ನಡುವಣ ನೆಲವನ್ನು ದ್ವೀಪವೆಂದನೇ ಹೊರತು ಆ ನೀರು ಕಡಲಿನದೇ ಆಗಬೇಕೆಂದು ಕಟ್ಟುಮಾಡಲಿಲ್ಲ. ಪ್ರಯೋಗವೂ ಇದಕ್ಕೆ ಅನುಕೂಲವಾಗಿದೆ. ವ್ಯಾಸಮಹರ್ಷಿಗೆ ದ್ವೈಪಾಯನನೆಂಬ ಹೆಸರು ಬಂದುದು ಯಮುನಾನದಿಯ ದ್ವೀಪದಲ್ಲಿ ಜನಿಸಿದುದರಿಂದ.

ಕನ್ನಡ ಗ್ರಂಥಗಳಲ್ಲಿ ಈ ಶಬ್ದವು ಮೂರು ವಿಷಯಗಳಲ್ಲಿ ಪ್ರಯುಕ್ತವಾಗಿದೆ. ಜಂಬೂ, ಪ್ಲಕ್ಷ ಮೊದಲಾದ ಪೌರಾಣಿಕ ಸಪ್ತದ್ವೀಪಗಳೂ ಜೈನಪುರಾಣಗಳ ನಂದೀಶ್ವರಾದಿ ದ್ವೀಪಗಳೂ ಮೊದಲನೆಯ ವರ್ಗ. ಇವು ಲೋಕರಚನೆಯ ಅಂಗಗಳು. ಸಿಂಹಳಾದಿ ಕಡಲದ್ವೀಪಗಳು ಎರಡನೆಯವು. ಹೊಳೆಯ ದ್ವೀಪಗಳು ಮೂರನೆಯವು. ಪಾಠಶಾಲೆಗಳಲ್ಲಿ ಮೂರಕ್ಕೂ ‘ನಡುಗಡ್ಡೆ’ ಎಂದೇ ಅರ್ಥ ಹೇಳಿ ಮುಂದುವರಿಯುವುದರಿಂದ ಕಾವ್ಯಾರ್ಥಕ್ಕೆ ಹಾನಿಯಾಗುವುದು. ಜಂಬೂದ್ವೀಪವನ್ನು ನಡುಗಡ್ಡೆಯೆಂದರೆ ವಿದ್ಯಾರ್ಥಿಗೆ ಏನೂ ತಿಳಿದಂತಾಗದು.

ಕಡಲದ್ವೀಪಗಳಲ್ಲಿಯೂ ಜಾತಿಭೇದವುಂಟು. ಸಿಂಹಳವು ಭಾರತದ ನೆಲಕ್ಕೇ ಸೇರಿ, ನಡುವೆ ಆಳವಿಲ್ಲದ ಕಡಲು ಬಂದು ಬೇರೆಯಾದುದು. ಮಾರಿಷಸ್ ಅಗ್ನಿಪರ್ವತದಿಂದ ಹುಟ್ಟಿದುದು. ಮಾಲದ್ವೀಪವು ಹವಳದ ಜೀವಿಗಳು ಕಟ್ಟಿದ ಸುಮಾರು ೧,೨೦೦ ಕಿರುದ್ವೀಪಗಳ ರಾಷ್ಟ್ರ. ಅದರ ನೆಲದ ಬಹುಭಾಗವು ಕಡಲಮಟ್ಟಕ್ಕಿಂತ ಎರಡು ಮೀಟರಿನಷ್ಟೂ ಎತ್ತರವಿಲ್ಲ. ಅಲ್ಲಿ ಹೊಳೆಗಳಿಲ್ಲ. ಮರಳಿನೊಳಕ್ಕೆ ಇಳಿದ ಮಳೆನೀರು ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತು ಬಾವಿಗೆ ಒದಗಬೇಕು. ಸುತ್ತಲೂ ನೀರಿದ್ದು ಕುಡಿಯುವ ನೀರಿಗೆ ಕೊರತೆಯಾಗಿರುವುದು ಇಂತಹ ದ್ವೀಪದ ಲಕ್ಷಣ.

ಕಾವೇರಿಯ ದ್ವೀಪಗಳ ಸ್ಥಿತಿ ಇದಕ್ಕೆ ವಿಪರೀತವಾದುದು. ಆದಿರಂಗವೆನಿಸಿದ ಶ್ರೀರಂಗಪಟ್ಟಣವೂ, ಮಳವಳ್ಳಿಯ ಎಲ್ಲೆಗೆ ತಾಗಿ ಮಧ್ಯರಂಗವೆನಿಸಿದ ಶಿವನಸಮುದ್ರವೂ ಗಟ್ಟಿಯಾದ ಬಂಡೆಯ ನೆಲಗಳು. ಅಂತ್ಯರಂಗವಾದ ಶ್ರೀರಂಗವು ಹೊಳೆಯೇ ತಂದ ಮೆಕ್ಕಲಿನ ನೆಲ. ಶಿವನಸಮುದ್ರದಲ್ಲಿ ಹೊಳೆಯು ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವುದು. ಮದ್ದೂರನ್ನು ಹಾದು ಬಂದ ಶಿಂಷೆಯು ಅದರ ಕೆಳಗಡೆ ಕಾವೇರಿಯನ್ನು ಕೂಡುವುದು. ಸಿಹಿನೀರಿನ ನಡುವಣ ನೆಲಕ್ಕೆ ಜನರು ‘ಸಮುದ್ರ’ವೆಂದೇ ಹೆಸರಿಟ್ಟಿರುವುದು ಗಮನಾರ್ಹ. ಇಲ್ಲಿ ಬಳಸಿದ ನೀರು ಬೇಲಿಯೂ ಹೌದು, ಬೆಳೆಗೆ ಒದಗುವ ಜೀವನವೂ ಹೌದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆದರೆ ಕೊಡಗಿನ ಮುಂಗಾರಿನಿಂದ ಕಾವೇರಿಯು ಅದಕ್ಕೆ ಮುಂಚೆಯೇ, ಜುಲೈ, ಆಗಸ್ಟ್ ತಿಂಗಳುಗಳಲ್ಲಿ, ತುಂಬಿ ಹರಿಯುತ್ತಿದ್ದಿತು. ತಮ್ಮ ನೆಲಕ್ಕೆ ಸಾಕಷ್ಟು ಮಳೆ ಬೀಳುವ ಮೊದಲೇ ಹೊಳೆ ಉಕ್ಕಿ ಬರುವುದನ್ನು ವರ್ಷವರ್ಷವೂ ಕಂಡವರಿಗೆ ಅದು ದೈವಪ್ರಸಾದವೆಂದು ತೋರಿದುದು ಸಹಜ. ೧೯೩೦ರ ದಶಕದಿಂದ ಕೃಷ್ಣರಾಜಸಾಗರದ ಕಟ್ಟೆಯು ಈ ಏರಿಳಿತವನ್ನು ಹತೋಟಿಯಲ್ಲಿಟ್ಟಿದೆ; ಹಳೆಯ ಕಾವ್ಯವನ್ನು ಓದುವವರು ಕಟ್ಟೆಗೆ ಹಿಂದಿನ ಹೊಳೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ಪ್ರಕೃತಕ್ಕೆ ಬರುವ. ಗೋವಿಂದವೈದ್ಯನ ಕಾವ್ಯದಲ್ಲಿ ಶ್ರೀರಂಗಪಟ್ಟಣವು ಕ್ಷೇತ್ರವೂ ದುರ್ಗವೂ ರಾಜಧಾನಿಯೂ ಆಗಿದೆ. ರಂಗನಾಥನ ಸನ್ನಿಧಿ, ರಣದುಲ್ಲಾಖಾನನ ದಂಡನ್ನು ಹಿಮ್ಮೆಟ್ಟಿಸಿದ ಯುದ್ಧ, ಮಹಾನವಮಿಯ ಉತ್ಸವ ಇವು ಮೂರೂ ಒಂದೇ ನೆಲದಲ್ಲಿ ನಡೆಯುವುವು. ಇವನ್ನು ಬಿಡಿಬಿಡಿಯಾದ ವರ್ಣನೆಗಳೆಂದು ಎಣಿಸಿದವರಿಗೆ ಕಾವ್ಯವು ಸಡಿಲವಾಗಿ ತೋರುವುದು. ಈ ಮೂರನ್ನೂ ಒಂದಾಗಿ ಹಿಡಿದಿರುವುದು ದ್ವೀಪವೆಂದು ಕಂಡವರಿಗೆ ಅದರ ಬಂಧವು ತಿಳಿಯುವುದು. ಕಾವೇರಿಯು ರಂಗನಿಗೆ ಮಾಲೆಯೆಂಬ ಭಕ್ತರ ಕಲ್ಪನೆಯೂ, ಕೋಟೆಗೆ ಕಂದಕವೆಂಬ ದಳಪತಿಗಳ ಎಣಿಕೆಯೂ ಬೇರೆ ಬೇರೆ ನೀರನ್ನು ಕುರಿತವಲ್ಲ. ಪುರವರ್ಣನೆಯ ಪದ್ಧತಿಗೆ ಸೇರಿದ ಉತ್ಪ್ರೇಕ್ಷೆಗಳು ಈ ಕೃತಿಯಲ್ಲಿ ಇಲ್ಲದಿಲ್ಲ. ಅವನ್ನು ಭೂವೃತ್ತಾಂತವೆಂದು ತೆಗೆದುಕೊಳ್ಳಲಾಗದು. ಆದರೆ ಅವುಗಳಿಗೆ ಆಧಾರವಾದ ನೆಲವು ಕಲ್ಪಿತವಲ್ಲ.

ಚರಿತ್ರೆಯೂ ಇದನ್ನೇ ಸಮರ್ಥಿಸುವುದು. ೧೬೧೦ರಿಂದ ೧೭೯೯ರವರೆಗೆ ಮೈಸೂರಿನ ರಾಜಧಾನಿಯಾಗಿದ್ದ ಈ ದ್ವೀಪಕ್ಕೆ ತುಂಬಿದ ಹೊಳೆಯೇ ರಕ್ಷೆ, ಬತ್ತಿದ ಹೊಳೆಯೇ ಅಪಾಯ. ೧೭೯೯ನೆಯ ಮೇ ೪ರಂದು, ಮುಂಗಾರು ಹಿಡಿಯುವ ಮೊದಲೇ, ಇಂಗ್ಲಿಷರ ದಂಡು ಹೊಳೆಯನ್ನು ಹಾದು ಕೋಟೆಯನ್ನು ಹಿಡಿಯಿತು. ಬೇಸಗೆಯಲ್ಲಿ ರಕ್ಷಣೆಯು ತಗ್ಗುವ ಇಂತಹ ದ್ವೀಪದ ವರ್ಣನೆಗೆ ಲಂಕೆಯ ವರ್ಣನೆಯನ್ನು ಮಾನದಂಡವಾಗಿಡುವುದು ಸಲ್ಲದು. ದೂರವೂ ದುರ್ಗಮತೆಯೂ ಲಂಕೆಯ ಲಕ್ಷಣಗಳು; ಸಾಮೀಪ್ಯವೂ ಸಮೃದ್ಧಿಯೂ ಶ್ರೀರಂಗಪಟ್ಟಣದ ಲಕ್ಷಣಗಳು.

ಆದುದರಿಂದ ‘ದ್ವೀಪ’ವೆಂಬ ಪದವು ಬಂದಲ್ಲೆಲ್ಲ ಅದು ಲೋಕದ್ವೀಪವೋ ಕಡಲದ್ವೀಪವೋ ಹೊಳೆಯ ದ್ವೀಪವೋ ಎಂದು ಮೊದಲು ನಿರ್ಣಯಿಸಿ, ಬಳಿಕ ಅಲಂಕಾರವನ್ನು ವಿಚಾರಿಸುವುದು ಉಪಾಧ್ಯಾಯರಿಗೂ ವಿಮರ್ಶಕರಿಗೂ ಶ್ರೇಯಸ್ಕರ. ಕವಿಸಮಯವೆಂದು ಬದಿಗಿರಿಸಿದ ಎಷ್ಟೋ ಮಾತುಗಳು ಆಗ ಕವಿಯ ಕಣ್ಣಿಗೆ ಕಂಡ ಮಾತುಗಳೆಂದು ತಿಳಿದುಬರುವುವು.