ಔಚಿತ್ಯವೇ ಆಭರಣ

ಕಟ್ಟಡದ ಚೆಲುವೆಂದರೆ ಗೋಪುರ, ಕಮಾನು, ಕೆತ್ತನೆಗಳೇ ಎಂದು ಬಹುಕಾಲ ನಂಬಿದ್ದವರಲ್ಲಿ ಈ ಲೇಖಕನೂ ಒಬ್ಬನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಮೊದಲು ಕಂಡಾಗ, ಸಿ. ಎಫ್. ಸ್ಟೀವನ್ಸ್ ರಚಿಸಿದ ಮುಖ್ಯ ಭವನದ ಕಲ್ಲಿನ ಗಾಂಭೀರ್ಯಕ್ಕೆ ಮಾರುಹೋಗಿ, ವಿಮಾನಶಾಸ್ತ್ರ ವಿಭಾಗದ ನಿರಲಂಕಾರವಾದ ಕಟ್ಟಡವನ್ನು ಯಾವುದೋ ಉಗ್ರಾಣವೆಂದೆಣಿಸಿ ಮುಂದೆ ನಡೆದೆನು. ಆ ತೀರ್ಪು ತಪ್ಪೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಬರೆಹ.

ಅದರ ಕರ್ತೃ ಆಟೊ ಕ್ಯೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದ ಇವರು ಯೆಹೂದ್ಯ ವಂಶದವರಾದುದರಿಂದ, ನಾಜಿಗಳು ಅಧಿಕಾರಕ್ಕೆ ಬಂದ ಬಳಿಕ ಸ್ವದೇಶವನ್ನು ತೊರೆಯಬೇಕಾಯಿತು. ಈಜಿಪ್ಟಿನಲ್ಲಿ ಕೆಲಕಾಲವಿದ್ದು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿಯಾದರು. ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗವು 1942ರಲ್ಲಿ ಆರಂಭವಾಯಿತು. ಅದರ ಕಟ್ಟಡವೂ ಲೋಹಶಾಸ್ತ್ರ ವಿಭಾಗದ ಕಟ್ಟಡವೂ ಆ ದಶಕದಲ್ಲಿ ಇವರ ಕೈಯಿಂದ ಮೂಡಿದುವು. ಮುಂದೆ ಇವರು ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುವಿದ್ಯೆಯನ್ನು ಬೋಧಿಸಿದರು. ನಮ್ಮ ಸೀಮೆಯ ಬಿಸಿಲುಮಳೆಗಳು ಇವರಿಗೆ ಅದರ ಪಾಠಶಾಲೆಯಾಗಿದ್ದುವು.

ಎರಡನೆಯ ಸಲ ಹೋದದ್ದು ಬೇಸಗೆಯ ಮಧ್ಯಾಹ್ನದಲ್ಲಿ. ಬಿಸಿಲನ್ನು ತಡೆಯಲೆಂದು ಗೋಡೆಯಿಂದ ಅಡ್ಡಲಾಗಿ ಚಾಚಿದ ನೀಳವಾದ ಸಜ್ಜಾಗಳನ್ನೂ, ಗಾಳಿಯು ಒಂದು ಮಗ್ಗುಲಲ್ಲಿ ಹೊಕ್ಕು ಮತ್ತೊಂದರಲ್ಲಿ ಹೊರಡಲೆಂಬ ಏರ್ಪಾಡನ್ನೂ ಆಗ ಅರಿತೆನು. ಇಲ್ಲಿ ರೇಖೆಯೇ ನೆರಳು, ನೆರಳೇ ಅಲಂಕಾರ. ಔಚಿತ್ಯವನ್ನು ಕಾವ್ಯದ ಜೀವಿತವೆಂದು ಸಾರಿದ ಕ್ಷೇಮೇಂದ್ರನು ಕಂಡಿದ್ದರೆ ಇದನ್ನು ಮೆಚ್ಚದಿರುತ್ತಿರಲಿಲ್ಲ. ನಮ್ಮ ಸೀಮೆಯ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವು ಶಿಲ್ಪಸಮೃದ್ಧವಾದುದು. ಆದರೂ ಅದರ ತೆರೆದ ಮಂಟಪವೂ ಮುಂಚಾಚಿದ ಕಲ್ಲಿನ ಸೂರೂ ಮಾಡುವ ಉಪಕಾರ ಇದೇ ಅಲ್ಲವೆ?

ದೋಷವನ್ನೂ ಹೇಳಬೇಕು. ಕಲ್ಲು ಮುಪ್ಪಿನಲ್ಲಿಯೂ ಶೋಭಿಸುವುದು. ಬರಿಯ ಕಾಂಕ್ರೀಟು ಮಳೆಯ ಕಲೆಹಿಡಿದಾಗ ದೀನವಾಗಿ ಕಾಣುವುದು. ನಿರಾಡಂಬರವಾದ ಕಟ್ಟಡವು ನಿತ್ಯದ ಆರೈಕೆಯನ್ನು ಬೇಡುತ್ತದೆ.

ಇದಕ್ಕಿಂತ ಹೆಚ್ಚಿನ ದೋಷ ಅನುಕರಿಸಿದ ನಮ್ಮದು. ಚೌಳಹಿರಿಯೂರಿನಲ್ಲಿ ಹಿರಿಯರು ಕಟ್ಟಿಸಿದ್ದ ಹೆಂಚಿನ ಮನೆಯನ್ನು ಕೆಡವಿಸಿ, ಜಗಲಿಯನ್ನು ದಂಡವೆಂದು ಬಿಟ್ಟು, ಖರ್ಚುಳಿಸಲು ಸಜ್ಜಾವನ್ನು ಗೇಣುದ್ದಕ್ಕಿಳಿಸಿ ಈ ಲೇಖಕನು ತಾರಸಿಯ ಮನೆಯನ್ನು ಕಟ್ಟಿಸಿದನು. ಚೈತ್ರ ವೈಶಾಖಗಳಲ್ಲಿ ಮಧ್ಯಾಹ್ನವೆಲ್ಲ ಫ್ಯಾನಿನ ಕೆಳಗೆ ಬೇಯುವುದೇ ಅದರ ಫಲ. ದೂರದೇಶದಿಂದ ಆಶ್ರಯವನ್ನರಸಿ ಬಂದವರು ನಮ್ಮ ಸೂರ್ಯನನ್ನು ನೋಡಿ ಕಟ್ಟಿದರು. ಇಲ್ಲಿಯೇ ಹುಟ್ಟಿ ಬೆಳೆದ ನಾವು ಅವರ ಗೋಡೆಯ ಬೋಳನ್ನು ಮಾತ್ರ ಕಲಿತೆವು, ನೆರಳನ್ನು ಕಲಿಯಲಿಲ್ಲ.